ನಮ್ಮ ಪಾಲಿಗೆ ಬಂದ ಜಾಲಿಮರ

ಮೈಸೂರಿನಲ್ಲಿ ನನಗೂ ನಮ್ಮತ್ತೆಗೂ ಸೇರಿ ಒಂದು ಜಾಲಿಮರವಿತ್ತು. ನೆಲ ನಮ್ಮದಲ್ಲ, ಮರವೂ ನಮ್ಮದಲ್ಲ. ಊರಿನ ಕೆರೆಯೊಂದರ ನಡುಗಡ್ಡೆಯ ಮೇಲೆ, ನಾವು ಒಂದು ದಿನವೂ ಕಾಲಿಡದ ಜಾಗದಲ್ಲಿ ಅದು ನಿಂತಿತ್ತು. ಆದರೂ ತೊಂಬತ್ತರ ದಶಕದ ಕೊನೆಯ ಮೂರು ನಾಲ್ಕು ವರ್ಷ ಭಾನುವಾರ ಬೆಳಿಗ್ಗೆ ಅದರ ಯೋಗಕ್ಷೇಮ ವಿಚಾರಿಸದೆ ನಮಗಿಬ್ಬರಿಗೂ ತಿಂಡಿ ಸೇರುತ್ತಿರಲಿಲ್ಲ.

ಮರ ಹಂಚಿಕೊಟ್ಟವರು ಮೇಷ್ಟ್ರು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ಅವರ ಮನೆ ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿತ್ತು. ಭಾನುವಾರ ಆರೂವರೆಗೆ ಅವರು ಕೆರೆ ಏರಿಯ ಮೇಲೆ ನಿಂತಿರುತ್ತಿದ್ದರು, ಯಾರು ಬೇಕಾದರೂ ಹೋಗಿ ಸೇರಿಕೊಳ್ಳಬಹುದಿತ್ತು. ನಜರ್‌ಬಾದಿನಿಂದ ಸೈಕಲ್ ತುಳಿದು ಬರುತ್ತಿದ್ದ ದರ್ಜಿಯೊಬ್ಬರು, ದಟ್ಟಗಳ್ಳಿಯ ಹೊಸ ಬಡಾವಣೆಯಿಂದ ಬರುತ್ತಿದ್ದ ನರ್ಸ್, ಮಕ್ಕಳು ಮರಿ ಎಲ್ಲ ಸೇರಿ ಇಪ್ಪತ್ತು ಜನ ಆಗುತ್ತಿದ್ದೆವು. ತಿಂಗಳಿಗೊಮ್ಮೆ ಮೇಷ್ಟ್ರ ಮನೆಯ ಜಗಲಿಯಲ್ಲಿ ‘ಕಾರ್ಯಾಗಾರ’ ನಡೆಯುತ್ತಿತ್ತು. ಹೆಸರು ದೊಡ್ಡದು. ಎಲೆ ಒಣಗಿಸಿ ಅಂಟಿಸುವುದು, ನಡುಗಡ್ಡೆಯ ನಕ್ಷೆ ಬರೆಯುವುದು, ಕೊನೆಗೆ ಅವರ ಮನೆಯವರು ಕೊಡುವ ಉಪ್ಪಿಟ್ಟು ತಿನ್ನುವುದು, ಇಷ್ಟೇ.

“ನಡುಗಡ್ಡೆ ಅಂದ್ರೆ ಏನ್ರಪ್ಪಾ? ನಾಯಿ, ಬೆಕ್ಕು, ಮನುಷ್ಯ ಮೂರೂ ಇಲ್ಲದ ಜಾಗ. ಅದಕ್ಕೇ ಅಲ್ಲಿ ಉಡ ಇದೆ, ಆಮೆ ಇದೆ, ಇಷ್ಟು ಹಕ್ಕಿ ಇವೆ. ನಾವು ದಡದಲ್ಲೇ ಇರೋಣ,” ಎನ್ನುತ್ತಿದ್ದರು ಮೇಷ್ಟ್ರು.

ಇಪ್ಪತ್ತು ಜನಕ್ಕೆ ಇದ್ದದ್ದು ಒಂದೇ ದುರ್ಬೀನು. ಹೀಗಾಗಿ ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ನಡುಗಡ್ಡೆಯ ಮರಗಳನ್ನು ಮನೆಗೊಂದರಂತೆ ಹಂಚಿಕೊಂಡಿದ್ದೆವು. ಸರದಿ ಬಂದಾಗ ದುರ್ಬೀನು ಹಿಡಿದವರು ತಮ್ಮ ಮರದಲ್ಲಿ ಕಂಡದ್ದನ್ನು ಗಟ್ಟಿಯಾಗಿ ಹೇಳಬೇಕು, ಮಿಕ್ಕವರು ಕೇಳಬೇಕು, ಮೇಷ್ಟ್ರು ಅದನ್ನು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಬರಿಗಣ್ಣಿಗೆ ಗೂಡು ಒಂದು ಕಪ್ಪು ಮುದ್ದೆಯಷ್ಟೇ, ಒಳಗೇನಿದೆ ಎಂಬುದಕ್ಕೆ ಹೇಳಿದವರ ಮಾತೇ ಸಾಕ್ಷಿ. ಚೀಟಿ ಎತ್ತಿದಾಗ ನಮಗೆ ಬಂದದ್ದು ನಡುಗಡ್ಡೆಯ ತುದಿಯಲ್ಲಿದ್ದ ಸೊಟ್ಟ ಜಾಲಿ. ದರ್ಜಿಗೆ ಸೊಂಪಾದ ಹೊಂಗೆ ಬಂದದ್ದು ಕಂಡು ನನಗೆ ಹೊಟ್ಟೆ ಉರಿದಿತ್ತು, ಸುಳ್ಳೇಕೆ ಹೇಳಲಿ.

ಅತ್ತೆಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ದುರ್ಬೀನು ಕೊಟ್ಟರೆ ಹಾಲಿನೊಳಗೆ ನೋಡಿದ ಹಾಗಿದೆ ಎಂದು ವಾಪಸ್ಸು ಕೊಡುತ್ತಿದ್ದರು. ಆದರೂ ತಪ್ಪದೆ ಬರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅವರು ಮನೆಯ ಹೊಸ್ತಿಲು ದಾಟುತ್ತಿದ್ದುದು ಮಠಕ್ಕೆ ಹೋಗಲು ಮತ್ತು ಕೆರೆಗೆ ಬರಲು ಮಾತ್ರ. ನನ್ನ ತೋಳು ಹಿಡಿದು ನಿಂತು, “ಹೇಳಮ್ಮಾ, ಏನು ಮಾಡ್ತಿವೆ?” ಎನ್ನುವರು. ನಾನು ಕಚೇರಿಯಲ್ಲಿ ಟೈಪಿಸ್ಟು, ಬೇರೆಯವರ ಮಾತನ್ನು ಇದ್ದ ಹಾಗೇ ಟೈಪು ಹೊಡೆಯುವುದು ನನ್ನ ಕೆಲಸ. ಕೆರೆಯ ದಡದಲ್ಲಿ ಮಾತ್ರ ನನ್ನ ನಾಲಿಗೆಗೆ ರೆಕ್ಕೆ ಬರುತ್ತಿತ್ತು. ಕೊಕ್ಕರೆ ಕಡ್ಡಿ ತಂದದ್ದು, ಕೆಳಗೆ ಬೀಳಿಸಿದ್ದು, ಪಕ್ಕದ ಮನೆಯವರಿಂದ ಕದ್ದದ್ದು, ಎಲ್ಲವನ್ನೂ ನಮ್ಮ ಬೀದಿಯ ಸಮಾಚಾರದ ಹಾಗೆ ಹೇಳುತ್ತಿದ್ದೆ. ಅತ್ತೆ ನಗುತ್ತಿದ್ದರು.

ಆಪರೇಷನ್ ಎಂದರೆ ಮಾತ್ರ ಅವರ ಮುಖ ಬಿಗಿಯುತ್ತಿತ್ತು. ಅವರ ಅಕ್ಕನಿಗೆ ಎಷ್ಟೋ ವರ್ಷದ ಹಿಂದೆ ಆಪರೇಷನ್ ಆದ ಕಣ್ಣು ಕೀವಾಗಿ ಹೋಗಿಯೇಬಿಟ್ಟಿತ್ತು. “ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಕಣಮ್ಮ, ಇರೋದು ಇರ್ಲಿ ಬುಡು,” ಎನ್ನುತ್ತಿದ್ದರು. ನನ್ನ ಗಂಡ ಹೇಳಿ ಹೇಳಿ ಸೋತಿದ್ದರು. ಒಂದು ಬೆಳಿಗ್ಗೆ ಪೂಜೆಗೆ ಕೂತಾಗ ಅತ್ತೆ ಅಂಗೈಯ ಲಿಂಗವನ್ನು ಮೂಗಿಗೆ ತಾಕುವಷ್ಟು ಹತ್ತಿರ ತಂದುಕೊಂಡು, ಆಮೇಲೆ ಕಣ್ಣು ಮುಚ್ಚಿಯೇ ಪೂಜೆ ಮುಗಿಸಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಐವತ್ತು ವರ್ಷ ದಿನಾ ದೃಷ್ಟಿಯಿಟ್ಟು ನೋಡಿದ್ದು ಇನ್ನು ಅವರಿಗೆ ಕಾಣುತ್ತಿರಲಿಲ್ಲ. ನನಗೆ ಅಳು ಬಂತು.

ಆ ವರ್ಷ ನಮ್ಮ ಸೊಟ್ಟ ಜಾಲಿಗೆ ಭಾಗ್ಯದ ಬಾಗಿಲು ತೆರೆಯಿತು. ಬಣ್ಣದ ಕೊಕ್ಕರೆಯ ಜೋಡಿಯೊಂದು ಅದರಲ್ಲಿ ಗೂಡು ಕಟ್ಟಿ, ಯುಗಾದಿ ಕಳೆದ ಮೇಲೆ ಮೂರು ಮರಿ ಮಾಡಿತು. ಅತ್ತೆಯ ಸಂಭ್ರಮ ನೋಡಬೇಕಿತ್ತು, ಸ್ವಂತ ಮೊಮ್ಮಕ್ಕಳಿಗೆ ಹಲ್ಲು ಬಂದಾಗಲೂ ಅಷ್ಟು ಹಿಗ್ಗಿರಲಿಲ್ಲ. ಮರಿಗಳ ರೆಕ್ಕೆ ಕಪ್ಪಾಗಿ, ಹಾರಲು ಎರಡು ತಿಂಗಳಾದರೂ ಬೇಕು ಎಂದರು ಮೇಷ್ಟ್ರು. ಅವತ್ತು ಮನೆಗೆ ಬರುವ ದಾರಿಯಲ್ಲಿ ಅತ್ತೆ ನಿಂತರು. “ಅವು ಹಾರೋದನ್ನ ನಾನು ನೋಡ್ಬೇಕು. ಆಪರೇಷನ್‌ಗೆ ಹೇಳ್ಬುಡು,” ಎಂದರು.

ಬೇಸಿಗೆಯಲ್ಲಿ ಕಣ್ಣಿಗೆ ಕತ್ತರಿ ಹಾಕಿಸಬಾರದು, ಮಳೆ ಬೀಳಲಿ ಎಂದು ನೆಂಟರೆಲ್ಲ ಬುದ್ಧಿ ಹೇಳಿದರು. ಮಳೆ ಬೀಳುವ ತನಕ ಮರಿ ಕಾಯುತ್ತವೆಯೇ ಎಂದು ಅತ್ತೆ ಎಲ್ಲರ ಬಾಯಿ ಮುಚ್ಚಿಸಿದರು. ನರ್ಸ್ ತಾನೇ ಓಡಾಡಿ ಒಂದು ಬುಧವಾರಕ್ಕೆ ದಿನ ಗೊತ್ತುಮಾಡಿದಳು.

ಅದರ ಹಿಂದಿನ ಶುಕ್ರವಾರ ಸಂಜೆ ಆಲಿಕಲ್ಲು ಮಳೆ ಬಿತ್ತು. ಹಿತ್ತಲಿನ ಹೆಂಚು ಒಡೆಯುವಂಥ ಕಲ್ಲು. ಅತ್ತೆ ಕಿಟಕಿಯ ಬಳಿ ಕೂತು, “ಅವಕ್ಕೆ ತಾಯಿ ಅದಾಳೆ, ರೆಕ್ಕೆ ಮುಚ್ಕೊಂಡಿರ್ತಾಳೆ,” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಭಾನುವಾರ ನಮ್ಮ ಸರದಿ ಬಂದಾಗ ದುರ್ಬೀನು ಕಣ್ಣಿಗಿಟ್ಟೆ. ಗೂಡಿತ್ತು. ಅಂಚಿನಲ್ಲಿ ದೊಡ್ಡ ಹಕ್ಕಿ ತಲೆ ತಗ್ಗಿಸಿ ನಿಂತಿತ್ತು. ಒಳಗೆ ಏನೂ ಇರಲಿಲ್ಲ. ಕೆಳಗಿನ ಜೊಂಡಿನಲ್ಲಿ ಬೆಳ್ಳಗಿನದೊಂದು ಸಿಕ್ಕಿಕೊಂಡಿತ್ತು. ಅದನ್ನು ಎರಡನೆಯ ಸಲ ನೋಡಲು ನನಗೆ ಧೈರ್ಯವಾಗಲಿಲ್ಲ.

“ಹೇಳಮ್ಮಾ,” ಎಂದರು ಅತ್ತೆ. ಅವರ ಕೈ ನನ್ನ ತೋಳಿನ ಮೇಲಿತ್ತು. ಈಗ ನಿಜ ಹೇಳಿದರೆ ಬುಧವಾರ ಇಲ್ಲ ಎಂದು ನನಗೆ ಗೊತ್ತಿತ್ತು. ಬುಧವಾರ ಇಲ್ಲದಿದ್ದರೆ ಇನ್ನೆಂದೂ ಇಲ್ಲ.

“ಮೂರೂ ಇವೆ ಅತ್ತೆ. ಕತ್ತು ಚಾಚಿ ಚಾಚಿ ಊಟ ಕೇಳ್ತಿವೆ. ಚಿಕ್ಕದು ದೊಡ್ಡದರ ಬೆನ್ನು ಹತ್ತಿ ನಿಂತಿದೆ,” ಎಂದೆ.

ಮೇಷ್ಟ್ರು ಅದನ್ನು ಹಾಗೇ ಬರೆದುಕೊಂಡರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಒಂದು ಸುಳ್ಳಿನಲ್ಲಿ ಎರಡು ಕಣ್ಣು ಬಂದರೆ ಲಾಭವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬುಧವಾರ ಬಲಗಣ್ಣಿನ ಆಪರೇಷನ್ ಆಯಿತು. ಆಗಿನ್ನೂ ಹೊಲಿಗೆ ಹಾಕುತ್ತಿದ್ದ ಕಾಲ. ಬಗ್ಗುವಂತಿಲ್ಲ, ತಲೆಗೆ ನೀರು ಹಾಕುವಂತಿಲ್ಲ, ಒಲೆ ಮುಂದೆ ಕೂರುವಂತಿಲ್ಲ, ಮುಖ್ಯವಾಗಿ ಅಳುವಂತಿಲ್ಲ ಎಂದರು ಡಾಕ್ಟರು. ಆ ಕೊನೆಯ ಮಾತು ನನ್ನನ್ನು ಕಟ್ಟಿಹಾಕಿತು. ಮುಂದಿನ ಎರಡು ಭಾನುವಾರ ನಾನೊಬ್ಬಳೇ ಕೆರೆಗೆ ಹೋದೆ. ಪುಸ್ತಕಕ್ಕಾದರೂ ನಿಜ ಹೇಳಬಹುದಿತ್ತು, ಆದರೆ ನರ್ಸ್ ವಾರಕ್ಕೆರಡು ಸಲ ಅತ್ತೆಯನ್ನು ನೋಡಲು ಬರುತ್ತಿದ್ದಳು, ಅವಳ ಬಾಯಲ್ಲಿ ಎಳ್ಳು ಕಾಳು ನೆನೆಯದು. ಹಾಗಾಗಿ ದಡದಲ್ಲೂ ಸುಳ್ಳು, ಮನೆಯಲ್ಲೂ ಸುಳ್ಳು. ಕಣ್ಣಿಗೆ ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು ಒರಗಿದ್ದ ಅತ್ತೆ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು, ನಾನು ಆ ಇಲ್ಲದ ಮರಿಗಳಿಗೆ ಗರಿ ಹುಟ್ಟಿಸಿ, ಜಗಳ ಆಡಿಸಿ, ಮೀನು ತಿನ್ನಿಸಿ ಬೆಳೆಸುತ್ತಿದ್ದೆ. ಹಾರಿಹೋದವು ಎಂದು ಮುಗಿಸಿಬಿಡೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಎರಡು ತಿಂಗಳ ಲೆಕ್ಕ ಅವರು ಬೆರಳ ಮೇಲೆ ಇಟ್ಟುಕೊಂಡಿದ್ದರು.

ಅದರ ಮುಂದಿನ ಭಾನುವಾರ ಅತ್ತೆ ಕರಿಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ತಯಾರಾಗಿ ನಿಂತಿದ್ದರು. ಪವರ್ ಕನ್ನಡಕ ಬರಲು ಇನ್ನೂ ಎರಡು ವಾರ ಇತ್ತು, ಅದೂ ಬರಲಿ ಎಂದೆ. “ದುರ್ಬೀನಿನಲ್ಲಿ ತಿರುಪು ಇದ್ಯಲ್ಲಮ್ಮ, ತಿರುಗಿಸ್ಕೋತೀನಿ,” ಎಂದರು. ಆಟೋದಲ್ಲಿ ಹೇಳಿಬಿಡಬೇಕೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅವರೇ ಮಾತು ಶುರುಮಾಡಿದರು. ಅಂಗಡಿ ಬೋರ್ಡುಗಳ ಬಣ್ಣ ಕಾಣುತ್ತಿದೆಯೆಂದು ಅವರಿಗೆ ಹಬ್ಬ.

ಮೇಷ್ಟ್ರು ದುರ್ಬೀನನ್ನು ಮೊದಲು ಅವರ ಕೈಗೇ ಕೊಟ್ಟರು. ಅತ್ತೆ ತಿರುಪು ತಿರುಗಿಸುತ್ತಾ ತಿರುಗಿಸುತ್ತಾ ಒಂದು ಕಡೆ ನಿಲ್ಲಿಸಿದರು. ನನಗೆ ಕೆರೆಗೆ ಬಿದ್ದುಬಿಡೋಣ ಅನ್ನಿಸಿತು.

“ಗೂಡಿದೆ,” ಎಂದು ಗಟ್ಟಿಯಾಗಿ, ಪದ್ಧತಿಯಂತೆ ಹೇಳಿದರು. “ಎಡಗಡೆ ಕಡ್ಡಿ ಜೋತುಬಿದ್ದಿದೆ. ಪಕ್ಕದ ಹೊಂಗೇಲಿ ಮರಿಗಳಿವೆ, ಒಂದು, ಎರಡು. ಅವುಗಳ ರೆಕ್ಕೆ ತುದಿ ಕರ್ರಗಾಗ್ತಿದೆ. ಅಂದ್ರೆ ನನ್ನ ಕಣ್ಣು ಚೆನ್ನಾಗೇ ಇದೆ.” ದುರ್ಬೀನು ಇಳಿಸಿ ಹೇಳಿದರು: “ನಮ್ಮ ಮರದಲ್ಲೇ ಯಾರೂ ಇಲ್ಲ ಕಣಮ್ಮ.”

ನಾನು ಅಲ್ಲೇ, ಎಲ್ಲರ ಮುಂದೆ, ಆಲಿಕಲ್ಲು ಬಿದ್ದ ವಾರದ ಭಾನುವಾರದಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅತ್ತೆ ದುರ್ಬೀನನ್ನು ದರ್ಜಿಯ ಕೈಗಿಟ್ಟು ಏರಿಯ ಮೇಲೆ ಒಬ್ಬರೇ ನಡೆದುಹೋದರು. ಇಷ್ಟು ವರ್ಷ ನನ್ನ ತೋಳು ಬಿಡದವರು ಕಲ್ಲು, ಗುಂಡಿ ತಾವೇ ನೋಡಿಕೊಂಡು ನಡೆಯುತ್ತಿದ್ದುದನ್ನು ಕಂಡು, ಆ ಅವಮಾನದಲ್ಲೂ ನನಗೆ ಸಂತೋಷವಾಯಿತು. ಓಡಿ ಹೋಗಿ ಹಿಂದೆ ಸೇರಿಕೊಂಡೆ.

“ನಿಜ ಹೇಳಿದ್ರೆ ನಾನು ಹೆದರಿ ಮನೇಲೇ ಕೂತ್ಬುಡ್ತಿದ್ದೆ ಅಂದ್ಕೊಂಡ್ಯಾ?” ಎಂದರು, ತಿರುಗದೆ.

“ಅಂದ್ಕೊಂಡೆ ಅತ್ತೆ.”

ನಾಲ್ಕು ಹೆಜ್ಜೆ ಹಾಕಿದರು. “ಕೂತ್ಕೋತಿದ್ದೆ,” ಎಂದರು. ಆಮೇಲೆ, “ಆದ್ರೂ ನನ್ನ ಒಂದ್ಮಾತು ಕೇಳ್ಬೇಕಿತ್ತು. ಕಣ್ಣು ನನ್ನದಲ್ವಾ?”

ತಪ್ಪಾಯಿತು ಎಂದೆ. ಅವರು ನನ್ನ ಕಡೆ ತಿರುಗಿ, ಕರಿಕನ್ನಡಕ ಎತ್ತಿ, ಬಹಳ ಹೊತ್ತು ನನ್ನ ಮುಖ ನೋಡಿದರು. “ತಲೇಲಿ ಇಷ್ಟೊಂದು ಬೆಳ್ಳಿಕೂದಲು ಯಾವಾಗ ಬಂತೇ ನಿಂಗೆ?” ಎಂದರು. ಇಬ್ಬರಿಗೂ ನಗು ಬಂತು, ನನಗೆ ನಗುವಿನ ಜೊತೆ ಅಳುವೂ ಬಂತು. ಅವರು ಅಳುವಂತಿರಲಿಲ್ಲ.

ವಾಪಸ್ಸು ಬಂದಾಗ ಮೇಷ್ಟ್ರು ಪುಸ್ತಕ ತೆರೆದು, ಕೆಂಪು ಪೆನ್ನು ಹಿಡಿದು ಕೂತಿದ್ದರು. “ಬೇಜಾರು ಮಾಡ್ಕೋಬೇಡಿ ತಾಯೀ. ಮುಂದೆ ಯಾರೋ ಈ ನಡುಗಡ್ಡೆ ಬಗ್ಗೆ ತಿಳ್ಕೊಳ್ಳೋಕೆ ಇದನ್ನ ನೋಡ್ತಾರೆ. ಇಲ್ಲದ ಮರಿ ಇಲ್ಲಿ ಇರಬಾರದು. ಆ ಮೂರು ವಾರದ್ದು ಹೊಡೆದುಹಾಕ್ಬೇಕು,” ಎಂದರು.

“ಹೊಡೀರಿ ಮೇಷ್ಟ್ರೇ, ಸುಳ್ಳು ಸುಳ್ಳೇ,” ಎಂದರು ಅತ್ತೆ. “ಆದ್ರೆ ಒಂದೇ ಗೆರೆ ಎಳೀರಿ. ಗೀಚಬೇಡಿ. ಕನ್ನಡಕ ಬಂದ್ಮೇಲೆ ನಾನು ಓದ್ಬೇಕು.”

ಕನ್ನಡಕ ಬಂದ ಭಾನುವಾರ ಅವರು ನಡುಗಡ್ಡೆಯ ಕಡೆ ನೋಡಲೇ ಇಲ್ಲ. ಏರಿಯ ಕಲ್ಲಿನ ಮೇಲೆ ಕೂತು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಕೆಂಪು ಗೆರೆಯ ಗುಂಟ ಬೆರಳು ಓಡಿಸುತ್ತಾ, ನಾಲ್ಕನೇ ಕ್ಲಾಸು ಓದಿದವರ ನಿಧಾನದಲ್ಲಿ ಒಂದೊಂದೇ ಪದ ಓದಿದರು: ಮೂರೂ ಇವೆ. ಕತ್ತು ಚಾಚಿ ಊಟ ಕೇಳುತ್ತಿವೆ. ಚಿಕ್ಕದು ದೊಡ್ಡದರ ಬೆನ್ನು ಹತ್ತಿ ನಿಂತಿದೆ. ಮೂರು ವಾರದ್ದನ್ನೂ ಓದಿ ಮುಗಿಸಿ, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

“ಚೆನ್ನಾಗಿ ಹೇಳಿದೀಯ,” ಎಂದರು. “ಇನ್ಮೇಲೆ ನಿಜಾನೂ ಇಷ್ಟೇ ಚೆನ್ನಾಗಿ ಹೇಳು ಕಣಮ್ಮ.”