ಕ್ರಾಸಿನಲ್ಲಿ ನಿಂತ ಬಸ್ಸು

ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ ಮೇಲೆ ನಾನು ಮೊದಲು ಕೊಂಡದ್ದು ಒಂದು ಜೊತೆ ಗಟ್ಟಿ ಚಪ್ಪಲಿ. ಬೈರಕೂರಿನ ಕಡೆಯ ನಮ್ಮೂರಿನಿಂದ ಮುಳಬಾಗಿಲಿನ ಶಾಲೆಗೆ ಹೋಗಿ ಪಾಠ ಹೇಳುವವಳು ನಾನು. ಹನ್ನೆರಡು ವರ್ಷ ಅದೇ ದಾರಿಯಲ್ಲಿ ಸ್ಕೂಟರಿನಲ್ಲಿ ಓಡಾಡಿದ್ದರೂ, ರಸ್ತೆಗೊಂದು ಅಂಚಿದೆ, ಆ ಅಂಚಿನಲ್ಲಿ ಮನುಷ್ಯರು ನಡೆಯುತ್ತಾರೆ ಎಂಬುದು, ಸ್ನೇಹಿತರೇ, ನನಗೆ ಅರಿವಾದದ್ದು ಆ ಚಪ್ಪಲಿ ಮೆಟ್ಟಿದ ಮೇಲೆಯೇ. ಅಂಚಾದರೂ ಎಂಥದು! ಒಂದು ಪಕ್ಕ ಲಾರಿಗಳ ಗಾಳಿ, ಇನ್ನೊಂದು ಪಕ್ಕ ಜಾಲಿಮುಳ್ಳು, ನಡುವೆ ಪಾದವೂರುವಷ್ಟು ಮಣ್ಣು.

ಆ ಮಣ್ಣಿನ ಮೇಲೆ ದಿನವೂ ನನ್ನ ಮುಂದೆ ನಡೆಯುತ್ತಿದ್ದವರು ವೆಂಕಟಲಕ್ಷ್ಮಮ್ಮ. ತಲೆಯ ಮೇಲೆ ಸೊಪ್ಪಿನ ಬುಟ್ಟಿ. ನಮ್ಮ ಕ್ರಾಸಿನಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. ಡ್ರೈವರ್ ಮನಸ್ಸು ಮಾಡಿದರೆ ಒಂದಿಷ್ಟು ದೂರ ಹೋಗಿ ನಿಧಾನಿಸುತ್ತಿತ್ತು, ಓಡಿದವರಿಗಷ್ಟೇ ಸಿಗುತ್ತಿತ್ತು. ಉಳಿದವರು ಮುಂದಿನ ಊರಿನವರೆಗೆ ನಡೆಯಬೇಕು. ಹಾಗೆ ನಡೆಯುವಾಗಲೇ ಒಂದು ಬೆಳಿಗ್ಗೆ ಲಾರಿಯೊಂದು ಮೈಸವರಿಕೊಂಡು ಹೋಗಿ, ಅವರು ಮುಳ್ಳಿನೊಳಕ್ಕೆ ಬಿದ್ದರು. ನಾನು ಎಬ್ಬಿಸಲು ಹೋದರೆ, ರಸ್ತೆಯಲ್ಲಿ ಚೆಲ್ಲಿದ ದಂಟಿನ ಕಟ್ಟುಗಳನ್ನೇ ನೋಡುತ್ತಾ ಅಂದರು:

"ನಾನು ಬಿದ್ರೆ ಎದ್ದೇಳ್ತೀನಿ ಟೀಚರಮ್ಮ. ಬಿದ್ದಿರೋ ಸೊಪ್ಪನ್ನ ಯಾರು ತಗೊಂತಾರೆ?"

ಆ ಮಾತು ನನ್ನನ್ನು ಸುಮ್ಮನಿರಗೊಡಲಿಲ್ಲ. ಎಡಗೈಯಲ್ಲಿ, ಒಂದನೇ ತರಗತಿಯ ಮಗುವಿನಂತೆ ಸೊಟ್ಟಸೊಟ್ಟಗೆ ಅರ್ಜಿ ಬರೆದೆ. ಕ್ರಾಸಿನಲ್ಲಿ ಬಸ್ಸು ನಿಲ್ಲಬೇಕು, ಊರಿನಿಂದ ಅಲ್ಲಿಯವರೆಗೆ ಇಬ್ಬರು ಮಾತಾಡಿಕೊಂಡು ನಡೆಯುವಷ್ಟು ಕಾಲುದಾರಿ ಬೇಕು, ಕೇಳಿದ್ದು ಇಷ್ಟೇ. ಊರಿನವರು ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ನಾವು ಏಳು ಮಂದಿ ಹೆಂಗಸರು ಅದನ್ನು ಹಿಡಿದು ತಾಲ್ಲೂಕು ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಸೌಜನ್ಯದಿಂದಲೇ ಓದಿ, ಆ ಕ್ರಾಸಿನಲ್ಲಿ ದಿನಕ್ಕೆ ಎಷ್ಟು ಜನ ಹತ್ತುತ್ತಾರೆಂದು ಕೇಳಿದರು.

ವೆಂಕಟಲಕ್ಷ್ಮಮ್ಮ ಮೆಲ್ಲಗೆ ಅಂದರು: "ನಿಲ್ಲದೇ ಇರೋ ಬಸ್ಸಿಗೆ ಹತ್ತೋರ್ನ ಹೆಂಗೆ ಎಣಿಸ್ತೀರಾ ಸಾರ್?"

ಅಧಿಕಾರಿ ಅರ್ಜಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು.

ಕಾಲುದಾರಿಯ ಕಡತ ಇನ್ನೂ ಯಾವುದೋ ಮೇಜಿನ ಮೇಲಿದೆ. ಅದಕ್ಕಾಗಿ ತಿಂಗಳಿಗೊಮ್ಮೆ ಹೋಗಿ ಕೇಳಿ ಬರುತ್ತೇವೆ. ಬಸ್ಸಿಗೆ ಮಾತ್ರ ಮಳೆಗಾಲಕ್ಕೆ ಮುಂಚೆಯೇ ಅಪ್ಪಣೆಯಾಯಿತು. ಮೊದಲ ದಿನ ಅದು ನಮ್ಮ ಕಣ್ಣೆದುರೇ ಕ್ರಾಸಿನಲ್ಲಿ ಬಂದು ನಿಂತಿತು. ನಿಂತ ಬಸ್ಸಿನ ಕಡೆಗೆ ನಾವೆಲ್ಲರೂ, ಕೈಗೆ ಪಟ್ಟಿ ಕಟ್ಟಿಕೊಂಡ ನಾನೂ ಸೇರಿ, ಎದ್ದುಬಿದ್ದು ಓಡಿದೆವು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ನೋಡಿ, "ಯಾಕಮ್ಮಾ ಓಡ್ತೀರಾ? ನಿಂತೈತಲ್ಲ, ನಿಧಾನಕ್ಕೆ ಬನ್ನಿ" ಎಂದ.

ವೆಂಕಟಲಕ್ಷ್ಮಮ್ಮ ಅಲ್ಲೇ ನಿಂತರು. ಸೆರಗು ಸರಿಮಾಡಿಕೊಂಡು, ಉಸಿರು ಹದಕ್ಕೆ ತಂದುಕೊಂಡು, ಆಮೇಲೆ ನಡೆದು ಬಂದು ಹತ್ತಿದರು.