ತೊಳೆದು ತಂದ ಬೂಟು

“ಯಾವಾಗ ತೊಳದ್ರಿ?” ಎಂದು ಅಂಗಡಿಯ ಜಂಬುನಾಥ್ ಕೇಳಿದಾಗ ಸುಧಾರಾಣಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಹೊಸಪೇಟೆಯ ಆ ಚಪ್ಪಲಿ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಮಗಳ ಕಪ್ಪು ಬೂಟುಗಳು ಜೋಡಿಯಾಗಿ ಕೂತಿದ್ದವು. ಎಡಗಾಲಿನದು ಮುಂದುಗಡೆ ಬಾಯಿ ಬಿಟ್ಟಿತ್ತು. ಕೊಂಡು ಇನ್ನೂ ಹತ್ತೊಂಬತ್ತು ದಿನ. ಬಿಲ್ಲಿನ ಹಿಂದೆ ಮೂರು ತಿಂಗಳ ಗ್ಯಾರಂಟಿ ಎಂದು ಅಚ್ಚಾಗಿತ್ತು. ಆ ಒಂದು ಸಾಲನ್ನು ನಂಬಿಕೊಂಡು ಅವಳು ಸಂಡೂರಿನಿಂದ ಬಸ್ಸು ಹತ್ತಿ ಬಂದಿದ್ದಳು.

ಬಟ್ಟೆ ಯಾವಾಗ ಒಗೆದೆ, ಪಾತ್ರೆ ಯಾವಾಗ ತಿಕ್ಕಿದೆ ಎಂದು ಮದುವೆಯಾದ ಹನ್ನೊಂದು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಒಗೆಯದೇ ಇದ್ದಾಗ, ತಿಕ್ಕದೇ ಇದ್ದಾಗ ಮಾತ್ರ ಕೇಳುತ್ತಿದ್ದರು.

“ನಿನ್ನೆ ತೊಳದೀನ್ರಿ,” ಎಂದಳು. ಸ್ವಲ್ಪ ಯೋಚಿಸಿ, “ಮೊನ್ನೆನೂ ತೊಳದಿರಬೇಕು,” ಎಂದು ಸೇರಿಸಿದಳು.

“ಅಂದ್ರ ದಿನಾ ತೊಳೀತೀರಿ?”

“ದಿನಾ ಅಲ್ರಿ ಅಣ್ಣಾರ. ಧೂಳು ಆದಾಗ.”

“ಸಂಡೂರಾಗ ಧೂಳು ಯಾವಾಗ ಇರಂಗಿಲ್ರೀ ಅಕ್ಕಾರ?”

ಚಪ್ಪಲಿ ನೋಡುತ್ತಿದ್ದ ಇಬ್ಬರು ಗಂಡಸರು ನಕ್ಕರು. ಸುಧಾರಾಣಿಯೂ ನಕ್ಕಳು, ಮಾತು ನಿಜವಾಗಿತ್ತು. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲೇ ಅವರ ಬಾಡಿಗೆ ಮನೆ. ಬಿಳಿ ಪಂಚೆ, ತುಳಸಿ ಗಿಡ, ಬಾಗಿಲ ತೋರಣ ಎಲ್ಲವೂ ಎರಡು ದಿನಕ್ಕೆ ಒಂದೇ ಬಣ್ಣಕ್ಕೆ ತಿರುಗುತ್ತವೆ.

“ನೀರು ತಾಗಿದ ಬೂಟಿಗೆ ಗ್ಯಾರಂಟಿ ಇಲ್ರಿ,” ಎಂದು ಜಂಬುನಾಥ್ ಬೂಟನ್ನು ಮೂಗಿನ ಹತ್ತಿರ ಹಿಡಿದ. “ಸಾಬೂನು ಹಾಕೀರಿ. ಡಬ್ಬಿ ನೋಡಿದ್ರ ಬಳ್ಳೊಳ್ಳಿ ವಾಸನಿ. ಇರಲಿ, ಒಂದು ಮಾತು ಹೇಳ್ರಿ. ಬಾಯಿ ಬಿಟ್ಟಿದ್ದು ಮೊದಲೋ, ತೊಳದದ್ದು ಮೊದಲೋ?”

“ನೋಡಿಲ್ರಿ,” ಎಂದಳು ಸುಧಾರಾಣಿ.

ಸುಳ್ಳು ಹೇಳಬಹುದಿತ್ತು ಎಂದು ಅವಳಿಗೆ ಹೊಳೆದದ್ದು ಅದೇ ಬೂಟು ಹಿಡಿದುಕೊಂಡು ವಾಪಸ್ ಬಸ್ಸಿನಲ್ಲಿ ಕೂತ ಮೇಲೆ.

ಕಂಪ್ಲಿ ಹತ್ತಿರದ ಮೆಟ್ರಿ ಅವಳ ತವರು. ಇನ್ನೊಬ್ಬರ ಮನೆಯ ಪಾತ್ರೆ ವಾಪಸ್ ಕೊಡುವಾಗ ಬೆಳಗಿ ಕೊಡಬೇಕು, ಬರಿದಾಗಿ ಕೊಡಬಾರದು, ಒಂದು ಚೂರು ಬೆಲ್ಲವಾದರೂ ಇಟ್ಟು ಕೊಡಬೇಕು ಎಂದು ಅವ್ವ ಕಲಿಸಿದ್ದಳು. ಬೂಟು ವಾಪಸ್ ಕೊಡುವುದೆಂದರೆ ಸುಧಾರಾಣಿಯ ಕೈ ತಾನಾಗಿಯೇ ಅದೇ ದಾರಿ ಹಿಡಿದಿತ್ತು. ಕಾಲಲ್ಲಿ ಮೆಟ್ಟಿದ್ದನ್ನು ಒಬ್ಬರ ಕೈಗೆ ಕೊಡುವುದು, ಹೊಲಸು ಇಟ್ಟುಕೊಂಡು ಹೇಗೆ ಕೊಡುವುದು? ಹಳೆಯ ಹಲ್ಲಿನ ಬ್ರಶ್ಶಿನಿಂದ ಸಂದುಗೊಂದು ತಿಕ್ಕಿದ್ದಳು, ಲೇಸು ಬಿಚ್ಚಿ ಬೇರೆಯಾಗಿ ಒಗೆದಿದ್ದಳು, ಆಕಾರ ಕೆಡದಿರಲೆಂದು ಒಳಗೆ ಪೇಪರು ತುರುಕಿ ಬಿಸಿಲಿಗೆ ಇಟ್ಟಿದ್ದಳು. ಅತ್ತೆ ತಿಪ್ಪಕ್ಕ ಬೆಳ್ಳುಳ್ಳಿ ಹಾಕಿಟ್ಟುಕೊಂಡಿದ್ದ ಬೂಟಿನ ಡಬ್ಬಿಯನ್ನು ಬೇಡಿ, ಬೈಸಿಕೊಂಡು, ಖಾಲಿ ಮಾಡಿಸಿ ಒರೆಸಿದ್ದಳು. ಬೆಲ್ಲ ಇಡಲಿಲ್ಲ, ಅಷ್ಟೇ.

ಇಷ್ಟೆಲ್ಲ ಮಾಡಿದ್ದೇ ತಪ್ಪಾಯಿತೇ? ಮಾಡದೇ ಇದ್ದಿದ್ದರೆ, ಕೆಂಪು ಧೂಳು ಮೆತ್ತಿದ ಬೂಟನ್ನು ಹಾಗೇ ಕೌಂಟರಿನ ಮೇಲಿಟ್ಟಿದ್ದರೆ ಆತ ಬದಲಾಯಿಸಿ ಕೊಡುತ್ತಿದ್ದನೇ? ‘ಎಂಥ ಹೆಂಗಸು’ ಎನ್ನುತ್ತಿರಲಿಲ್ಲವೇ? ಕಿಟಕಿಯಾಚೆ ಗುಡ್ಡಗಳು ಬಂದು ಹೋದವು. ಅವಳಿಗೆ ಯಾವ ಕಡೆಯಿಂದ ಯೋಚಿಸಬೇಕೆಂದೇ ಗೊತ್ತಾಗಲಿಲ್ಲ.

ಮನೆಯಲ್ಲಿ ಗಂಡ ದುರುಗೇಶ್ ಊಟಕ್ಕೆ ಕೂತಿದ್ದ. ದೋಣಿಮಲೈ ಗಣಿಯ ಸ್ಟಾಫ್ ಬಸ್ಸಿಗೆ ಅವನು ಗುತ್ತಿಗೆ ಡ್ರೈವರ್. ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ನಡುವೆ ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆ.

“ತೊಳಕೊಂಡು ಒಯ್ದಿಯೇನ ಲೇ?” ಎಂದ. “ನಾನು ಹೋಗಿದ್ರ ಎರಡು ನಿಮಿಷದಾಗ ಮುಗಿಸಿ ಬರ್ತಿದ್ದೆ.”

“ಹಂಗಾರ ನೀವ ಹೋಗಿ ಬರ್ರಿ.”

“ನನಗ ಟೈಮ್ ಎಲ್ಲೈತಿ?”

“ಬೂಟು ಯಾರರ ತೊಳೀತಾರೇನು?” ಎಂದು ತಿಪ್ಪಕ್ಕ ಒಳಗಿನಿಂದ ದನಿಗೂಡಿಸಿದಳು. “ಒರಸಿ ಇಡ್ತಾರವ್ವ.”

“ಅತ್ತಿ, ಬೂಟು ಕೆಂಪಗಾಗ್ಯಾವ, ನಳ ಬಂದೈತಿ, ತೊಳದ ಇಡು ಅಂತ ನೀವ ಅಂದಿದ್ರಲ್ಲ?”

“ನಾ ಯಾವಾಗ ಅಂದಿದ್ದೆ?”

ಯಾವಾಗ ಎಂಬುದು ಸುಧಾರಾಣಿಗೆ ಗೊತ್ತಿರಲಿಲ್ಲ. ಅಂದದ್ದು ಮಾತ್ರ ಕಿವಿಯಲ್ಲಿತ್ತು.

ನಾಲ್ಕನೇ ಕ್ಲಾಸಿನ ಹೇಮಾಳ ಚಿಂತೆ ಬೇರೆ. ಸೋಮವಾರ ಪ್ರಾರ್ಥನೆಯಲ್ಲಿ ಸುದ್ದಿ ಓದುವ ಪಾಳಿ ಅವಳದು. ಅವಳ ಪಾಳಿ ಮತ್ತೆ ಬರುವುದು ಮುಂದಿನ ವರ್ಷವೇ. ಪೂರ್ತಿ ಯೂನಿಫಾರ್ಮ್ ಇಲ್ಲದವರನ್ನು ಮೈಕಿನ ಮುಂದೆ ನಿಲ್ಲಿಸುವುದಿಲ್ಲ ಎಂದು ಮಿಸ್ ಹೇಳಿದ್ದರು. ಎರಡು ದಿನದಿಂದ ಚಪ್ಪಲಿಯಲ್ಲಿ ಹೋಗುತ್ತಿದ್ದ ಹುಡುಗಿ ಸಾಲಿನ ಕೊನೆಯಲ್ಲಿ ನಿಂತು ಬರುತ್ತಿದ್ದಳು. ಮನೆಯಲ್ಲಿ ಮಾತ್ರ ಕನ್ನಡಿಯ ಮುಂದೆ ಹಳೆಯ ಪೇಪರು ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

“ಹೇಮಾ, ಬೂಟು ಯಾವತ್ತು ಬಾಯಿ ಬಿಡ್ತು ಹೇಳವ್ವ, ನೆನಪು ಮಾಡ್ಕೋ.”

“ನಡ್ಯಾಕತ್ತಿದ್ರ ಪಚ್ ಪಚ್ ಅಂತಿತ್ತು.”

“ಯಾವತ್ತಿನಿಂದ?”

“ಗಣಿತ ಟೆಸ್ಟಿನ ದಿನದಿಂದ. ನೀನು ಬೈತಿ ಅಂತ ಹೇಳಿಲ್ಲ.”

ಶಾಲೆಯ ಡೈರಿಯಲ್ಲಿ ಗಣಿತ ಟೆಸ್ಟಿನ ತಾರೀಖು ಇತ್ತು. ಬೂಟು ಕೊಂಡ ಎಂಟನೇ ದಿನ. ಸುಧಾರಾಣಿಗೆ ಕೈಗೊಂದು ಕಂಬ ಸಿಕ್ಕಂತಾಯಿತು. ಪುಟ ತಿರುಗಿಸಿದರೆ ಮಿಸ್ ಬರೆದ ಇನ್ನೊಂದು ಸಾಲು ಕಂಡಿತು: ‘ಬೂಟುಗಳು ಸ್ವಚ್ಛವಾಗಿರಲಿ.’ ಕೆಳಗೆ ಅವಳದೇ ಸಹಿ. ಅದು ಟೆಸ್ಟಿನ ಹಿಂದಿನ ದಿನದ್ದು. ಹಾಗಾದರೆ ಆ ಸಂಜೆ ತೊಳೆದಿರಬೇಕು. ತೊಳೆದಿದ್ದೆನೇ? ಆ ಸಂಜೆ ನಳ ಬಂದಿತ್ತೇ? ಹಸಿರು ಸೀರೆಗೆ ಫಾಲ್ ಹಚ್ಚುತ್ತಾ ಕೂತದ್ದು ಆ ಸಂಜೆಯೋ, ಮರುದಿನವೋ? ಮನೆಯಲ್ಲಿ ಕೂತು ಫಾಲ್ ಹಚ್ಚಿಕೊಡುವುದು ಅವಳ ಸಂಪಾದನೆ. ಯಾರ ಸೀರೆಗೆ ಯಾವ ಬಣ್ಣದ ದಾರ ಹಾಕಿದೆ ಎಂದು ಕೇಳಿದರೆ ವರ್ಷದ ಹಿಂದಿನದನ್ನೂ ಹೇಳುತ್ತಾಳೆ. ತೊಳೆದದ್ದು ಮಾತ್ರ ಒಂದೂ ನೆನಪಿರಲಿಲ್ಲ.

ಶನಿವಾರ ರೊಟ್ಟಿ, ಪಲ್ಯ ಮುಗಿಸಿ, ನೀರು ತುಂಬಿಸಿಟ್ಟು, ಡೈರಿಯನ್ನೂ ಬೂಟನ್ನೂ ಚೀಲದಲ್ಲಿ ಹಾಕಿಕೊಂಡು ಮತ್ತೆ ಹೊಸಪೇಟೆಗೆ ಹೋದಳು.

ಜಂಬುನಾಥ್ ಡೈರಿಯನ್ನು ಕನ್ನಡಕ ಹಾಕಿಕೊಂಡು ಓದಿದ. ಅವನೂ ಪುಟ ತಿರುಗಿಸಿದ.

“ಟೆಸ್ಟಿನ ದಿನ ಬಾಯಿ ಬಿಡ್ತು, ಒಪ್ಪಿದೆ. ಹಿಂದಿನ ದಿನ ಮೇಡಮ್ಮಾರು ಸ್ವಚ್ಛ ಮಾಡ್ರಿ ಅಂತ ಬರದಾರ. ನೀವು ತೊಳದಿರ್ತೀರಿ. ಮುಗೀತಲ್ರಿ?”

“ತೊಳದಿರಬೇಕ್ರಿ,” ಎಂದಳು. ಆಮೇಲೆ ಕೌಂಟರಿನ ಅಂಚು ಹಿಡಿದು, “ಅಣ್ಣಾರ, ನಾನು ಜಗಳಕ್ಕ ಬಂದಿಲ್ರಿ. ನನಗ ಖರೇನ ತಿಳೀವಲ್ದು. ಸಾಲ್ಯಾಗ ಸ್ವಚ್ಛ ಇರಬೇಕಂತಾರ. ನೀವು ನೀರು ತಾಗಬಾರದಂತೀರಿ. ಮತ್ತ ಹೆಂಗ ಮಾಡೋದು, ಅದನ್ನರ ಹೇಳಿ ಕೊಡ್ರಿ,” ಎಂದಳು.

“ಒರಸಬೇಕ್ರಿ.”

“ಯಾತರಲೆ?”

“ಬಟ್ಟಿಲೆ.”

“ಒಣ ಬಟ್ಟಿಲೆ ಒರಸಿದ್ರ ಕೆಂಪು ಧೂಳು ಸಂದ್ಯಾಗ ಹೋಗಿ ಕುಂದರತೈತ್ರಿ.”

“ಹಸಿ ಬಟ್ಟಿ ತಗೋರಿ.”

“ಅದಕ್ಕ ನೀರು ಇರ್ತೈತಲ್ರಿ?”

“ಸ್ವಲ್ಪ ಹಸಿ ಅಕ್ಕಾರ, ಸ್ವಲ್ಪ!”

“ಎಷ್ಟು ಸ್ವಲ್ಪರಿ?”

ಜಂಬುನಾಥ್ ಗಾಜು ಒರೆಸುವ ಬಟ್ಟೆಯನ್ನು ತೆಗೆದುಕೊಂಡು ತೋರಿಸಲು ಹೋದ. ಬೂಟನ್ನು ಎಲ್ಲಿ ಹಿಡಿಯಬೇಕೆಂದು ಕೈಗೆ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷದಿಂದ ಬೂಟು ಮಾರುತ್ತಿದ್ದ ಕೈ ಅದು. ಒಮ್ಮೆ ತುದಿ ಹಿಡಿದ, ಒಮ್ಮೆ ಹಿಮ್ಮಡಿ ಹಿಡಿದ, ಮೇಲ್ಮೈಯನ್ನು ಮಗುವಿನ ಗಲ್ಲ ಸವರಿದಂತೆ ಸವರಿ ನಿಲ್ಲಿಸಿದ.

“ನಿಮ್ಮ ಮನ್ಯಾಗ ಹುಡುಗರ ಬೂಟು ಯಾರು ಸ್ವಚ್ಛ ಮಾಡ್ತಾರ್ರಿ?” ಎಂದಳು ಸುಧಾರಾಣಿ.

“ನಮ್ಮ ಮನಿಯವ್ರು.”

“ಹಂಗಾರ ಅವರನ್ನ ಕೇಳ್ರಿ. ನಾನೂ ಕಲೀತೀನಿ.”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಆದರೆ ಸ್ಯಾಂಡಲ್ ಹಾಕಿ ನೋಡುತ್ತಿದ್ದ ಒಬ್ಬ ಹೆಂಗಸು “ಹೌದು, ಫೋನ್ ಹಚ್ರಿ, ನಮಗೂ ಬೇಕು,” ಎಂದು ಕಿಸಕ್ಕನೆ ನಕ್ಕಳು. ಜಂಬುನಾಥ್ ಹಟಕ್ಕೆ ಬಿದ್ದವನಂತೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿ ಕೌಂಟರಿನ ಮೇಲಿಟ್ಟ.

“ಏನ್ರೀ, ಊಟಕ್ಕ ಈಗ ಬರ್ತೀರೇನು? ಅನ್ನಕ್ಕ ಇನ್ನ ಇಟ್ಟಿಲ್ಲ,” ಎಂದಿತು ಹೆಣ್ಣುದನಿ.

“ಊಟದ್ದಲ್ಲ ರೇಣುಕಾ. ಹುಡುಗರ ಬೂಟು ನೀ ಹೆಂಗ ಕ್ಲೀನ್ ಮಾಡ್ತಿ?”

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು.

“ಯಾಕ್ರೀ, ಏನಾತು?”

“ಏನೂ ಆಗಿಲ್ಲ, ಹೇಳು.”

“ಹೆಂಗ ಅಂದ್ರ? ನಳದ ಕೆಳಗ ಹಿಡದು ಬ್ರಶ್ಶಿಲೆ ತಿಕ್ಕತೀನಿ.”

“ನೀರಾಗ ತೊಳೀತಿ?”

“ಮತ್ತ ಮಜ್ಜಿಗ್ಯಾಗ ತೊಳೀಲೇನು?”

ಅಂಗಡಿಯೆಲ್ಲ ನಕ್ಕಿತು. ಸ್ಪೀಕರ್ ಆರಿಸಲು ಜಂಬುನಾಥ್ ಬೆರಳು ಚಾಚುವಷ್ಟರಲ್ಲಿ ರೇಣುಕಾದೇವಿ ಮುಂದುವರಿಸಿಬಿಟ್ಟಳು.

“ನಮ್ಮ ಸಾಗರನ ಬೂಟು ಈಗಾಗ್ಲೇ ಎರಡು ಸಲ ಬಾಯಿ ಬಿಟ್ಟೈತಿ. ಗೋಂದು ಹಚ್ಚಿ ಮ್ಯಾಲೆ ರುಬ್ಬೋ ಗುಂಡು ಇಟ್ಟಿದ್ದೆ. ನಿಮಗ ಹೇಳಿಲ್ಲ. ಅಂಗಡಿ ಮಾಲಿಗೆ ಹೆಸರಿಡ್ತಿ ಅಂತ ಬೈಸಿಕೊಳ್ಳೋದು ಯಾಕ ಅಂತ.”

ಫೋನ್ ಆರಿತು. ಜಂಬುನಾಥ್ ಬಾಯಿ ಬಿಟ್ಟ ಬೂಟನ್ನೇ ನೋಡುತ್ತ ನಿಂತ. ಮನೆಯಲ್ಲಿ ರುಬ್ಬುವ ಗುಂಡಿನ ಕೆಳಗೆ ತನ್ನ ಅಂಗಡಿಯ ಬೂಟು ಇತ್ತೆಂಬುದು ಅವನ ತಲೆಗೆ ಇಳಿಯುತ್ತಿರಲಿಲ್ಲ.

ಸುಧಾರಾಣಿಯೂ ಬೂಟನ್ನು ನೋಡಿದಳು. ಅಂಗಡಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವಳ ಕಣ್ಣಿಗೆ ಏನೋ ಬಿತ್ತು. ಅಟ್ಟೆಯ ಅಂಚಿನುದ್ದಕ್ಕೂ ಉಗುರು ಓಡಿಸಿದಳು.

“ಅಣ್ಣಾರ, ಇದು ಹೊಲಿಗಿ ಅಲ್ರಿ. ಎಲ್ಲೂ ದಾರನ ಇಲ್ಲ. ಹೊಲಿಗಿ ಗತೆ ಗೆರಿ ಒತ್ತ್ಯಾರ ನೋಡ್ರಿ. ಬರೇ ಗೋಂದು.”

ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. ಶೆಲ್ಫಿನಿಂದ ಹೊಸದೊಂದು ಜೋಡಿ ತೆಗೆದು ಅದನ್ನೂ ನೋಡಿದ. ಇನ್ನೊಂದು ಕಂಪನಿಯದನ್ನು ತೆಗೆದು ಅಂಚಿನ ದಾರವನ್ನು ಉಗುರಿನಿಂದ ಎಳೆದು ಪರೀಕ್ಷಿಸಿದ. ಬಳಿಕ ಬಾಯಿ ಬಿಟ್ಟ ಜೋಡಿಯನ್ನು ಕೌಂಟರಿನ ಕೆಳಗೆ ಹಾಕಿ, ದಾರ ಇದ್ದ ಜೋಡಿಯನ್ನು ಅವಳ ಮುಂದೆ ಸರಿಸಿದ.

“ಇದರಾಗ ಒಂದು ಸೈಜ್ ದೊಡ್ಡದೈತಿ. ಬೆಳೆಯೋ ಹುಡುಗಿ, ಮುಂದ ಹತ್ತಿ ಇಡ್ರಿ.”

ಅವಳು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೂಗಿದ. “ಅಕ್ಕಾರ, ಇವನ್ನ ಮಾತ್ರ ತೊಳೀಬ್ಯಾಡ್ರಿ!”

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಅವಳಿಗೆ ಖುಷಿಯೇ ಆಗಿತ್ತು. ಸೋಮವಾರದ ಸುದ್ದಿ ಉಳಿಯಿತು. ಅರ್ಧ ದಾರಿಯಲ್ಲಿ ಇನ್ನೊಂದು ವಿಚಾರ ಬಂದು ಅಡ್ಡ ಕೂತಿತು. ರೇಣುಕಾದೇವಿ ತೊಳೆದ ಬೂಟೂ ಬಾಯಿ ಬಿಟ್ಟಿದೆ, ತಾನು ತೊಳೆದದ್ದೂ ಬಿಟ್ಟಿದೆ. ಹಾಗಾದರೆ ಆತ ಹೇಳಿದ್ದೇ ಸರಿಯಿರಬಹುದಲ್ಲ? ಎಲ್ಲರೂ ನಕ್ಕಿದ್ದಕ್ಕೆ, ಇಲ್ಲದ ದಾರ ಕಂಡಿದ್ದಕ್ಕೆ ತಾನು ಗೆದ್ದೆನೇ? ದಾರ ಇದ್ದರೆ ನೀರು ತಾಗಬಹುದೇ? ಮತ್ತೆ ತೊಳೀಬ್ಯಾಡ್ರಿ ಎಂದನಲ್ಲ? ಮುಖ ನೋಡದ ಆ ಹೆಂಗಸು ಗುಂಡು ಎತ್ತಿ ಬೂಟಿನ ಮೇಲಿಡುವುದು ಕಣ್ಣ ಮುಂದೆ ಬಂದು ಅವಳಿಗೆ ನಗು ಬಂತು. ಇವತ್ತು ಗಂಡ ಊಟಕ್ಕೆ ಹೋದಾಗ ಆಕೆಗೆ ಏನಾಗಿರುತ್ತದೋ ಎಂದು ನೆನೆದು ನಗು ನಿಂತಿತು.

ಸೋಮವಾರ ಹೇಮಾ ಬೂಟಿನ ಮೂತಿಗೆ ಹತ್ತಿ ತುರುಕಿಕೊಂಡು ಹೋಗಿ ಸುದ್ದಿ ಓದಿ ಬಂದಳು. ಒಂದು ಕಡೆಯೂ ತಡವರಿಸಲಿಲ್ಲ ಎಂದು ಹೊಸ್ತಿಲಿನಿಂದಲೇ ಕೂಗಿ ಹೇಳಿದಳು. ಬೂಟುಗಳು ಬೆಳಗ್ಗೆ ಕಪ್ಪಗೆ ಹೋದವು, ಸಂಜೆ ಕೆಂಪಗೆ ಬಂದಿದ್ದವು.

“ಅವ್ವಾ, ತೊಳೀತಿಯೇನು?”

ನಳ ಬಂದಿತ್ತು. ಬ್ರಶ್ಶಿಗೆ ಹೋದ ಸುಧಾರಾಣಿಯ ಕೈ ಅಲ್ಲೇ ನಿಂತಿತು. ಒರೆಸುವ ಬಟ್ಟೆಗೆ ಹೋಯಿತು, ಅಲ್ಲೂ ನಿಂತಿತು.

“ಒರಸಿ ಇಡವ್ವ,” ಎಂದಳು ತಿಪ್ಪಕ್ಕ. “ಇಲ್ಲಾ, ನಳ ಬಂದೈತಿ, ತೊಳದ ಬಿಡು.”

ಸುಧಾರಾಣಿ ಬೂಟು, ಬ್ರಶ್ಶು, ಬಟ್ಟೆ ಮೂರನ್ನೂ ತಂದು, ಸಂಜೆಯ ಸುತ್ತು ಮುಗಿಸಿ ಬಂದು ಕಟ್ಟೆಯ ಮೇಲೆ ಮೊಬೈಲು ನೋಡುತ್ತಿದ್ದ ದುರುಗೇಶನ ಪಕ್ಕದಲ್ಲಿಟ್ಟಳು.

“ಏನಿದು?”

“ಎರಡು ನಿಮಿಷದ ಕೆಲಸ. ನೀವ ಮಾಡ್ರಿ.”

ಅವನು ಒಂದು ಬೂಟನ್ನು ಎತ್ತಿಕೊಂಡ. ತುದಿ ಹಿಡಿದ, ಹಿಮ್ಮಡಿ ಹಿಡಿದ. “ಹೆಂಗ ಮಾಡೋದ ಲೇ ಇದನ್ನ?”

“ನನಗೂ ಗೊತ್ತಿಲ್ರಿ,” ಎಂದಳು ಸುಧಾರಾಣಿ. ಆ ಮಾತು ಖರೇ ಇತ್ತು. “ಹೆಂಗರ ಮಾಡ್ರಿ. ಆದ್ರ ಏನು ಮಾಡಿದ್ರಿ, ಯಾವಾಗ ಮಾಡಿದ್ರಿ, ಅದನ್ನ ಮಾತ್ರ ನೆನಪಿಟ್ಟುಕೊಳ್ರಿ. ಆಮ್ಯಾಲ ಕೇಳ್ತಾರ.”