ಗಣಿತದ ಮಿಸ್ಸಿಗೆ ಗಂಟಲು ಕಟ್ಟಿದ ವರ್ಷ

ಹತ್ತೊಂಬತ್ತು ವರ್ಷ ಗಣಿತ ಹೇಳಿಕೊಟ್ಟ ಅವಳಿಗೆ ಮಕ್ಕಳು ಇಟ್ಟ ಹೆಸರು ಮೈಕ್ ಮಿಸ್. ಹತ್ತನೇ ತರಗತಿಯಲ್ಲಿ ಐವತ್ತೆಂಟು ಮಕ್ಕಳು, ತಲೆಯ ಮೇಲೆ ತಗಡಿನ ಚಾವಣಿ, ಕಿಟಕಿಗೆ ಅಂಟಿಕೊಂಡಂತೆ ಲಾರಿಗಳು ಓಡುವ ರಸ್ತೆ. ಕೊನೇ ಬೆಂಚಿಗೆ ವರ್ಗಸಮೀಕರಣ ಮುಟ್ಟಬೇಕೆಂದರೆ ಕೂಗಲೇಬೇಕು. ದಿನಕ್ಕೆ ಆರು ಪೀರಿಯಡ್ ಕೂಗಿದಳು.

ಆ ವರ್ಷ ಶಾಲೆ ಶುರುವಾದ ಎರಡು ತಿಂಗಳಿಗೆ ಗಂಟಲು ಕೆರೆಯತೊಡಗಿತು. ಉಪ್ಪುನೀರು ಮುಕ್ಕಳಿಸಿ, ಶೀತವಿರಬೇಕೆಂದು ಸುಮ್ಮನಾದಳು. ಒಂದು ಬೆಳಿಗ್ಗೆ ಹಾಜರಿ ಕರೆಯುವಾಗ ಹದಿನೇಳನೇ ನಂಬರಿಗೆ ದನಿ ಒಡೆಯಿತು. ಹದಿನೆಂಟಕ್ಕೆ ಬರೀ ಗಾಳಿ ಬಂತು.

"ಸ್ವರತಂತುವಿನ ಮೇಲೆ ಗಂಟಾಗಿದೆ," ಎಂದರು ಡಾಕ್ಟರು. "ಮೂರು ತಿಂಗಳು ಮಾತು ಪೂರ್ತಿ ಬಂದ್. ಪಿಸುಮಾತೂ ಕೂಡದು."

ರಜೆಯೆಲ್ಲ ಅತ್ತೆಯ ಸೊಂಟ ಮುರಿದಾಗಲೇ ಮುಗಿದಿತ್ತು. ಹೆಡ್‌ಮಾಸ್ಟರು ಕೈಚೆಲ್ಲಿದರು. "ಬದಲಿ ಟೀಚರ್ ಕೇಳಿ ಎರಡು ಸಲ ಬರ್ದೆ ಮೇಡಂ, ಉತ್ತರಾನೇ ಇಲ್ಲ. ಬೀರೂನಲ್ಲಿ ಪ್ರೊಜೆಕ್ಟರ್ ಇದೆಯಲ್ಲ, ಅದನ್ನ ಹಾಕಿ. ಮಾತೇ ಬೇಕಾಗಲ್ಲ."

ಅವಳಿಗೂ ಅದೊಂದೇ ದಾರಿ ಕಂಡಿತು. ಕಾಲೇಜಿಗೆ ಹೋಗುವ ಮಗಳು ಅಮ್ಮನ ಫೋನಿಗೆ, ಬರೆದದ್ದನ್ನು ಗಟ್ಟಿಯಾಗಿ ಓದುವ ಆ್ಯಪ್ ಹಾಕಿಕೊಟ್ಟಳು. "ನೀನು ಟೈಪ್ ಮಾಡಮ್ಮ, ಸಾಕು. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ."

ಮೊದಲ ದಿನ ಅವಳು 3/4 ÷ 2/5 ಎಂದು ಭಿನ್ನರಾಶಿ ಬರೆದು ಗುಂಡಿ ಒತ್ತಿದಳು. ಮುಕ್ಕಾಲನ್ನು ಎರಡು ಐದಂಶದಿಂದ ಭಾಗಿಸಿ ಎನ್ನಬೇಕಾದ ಯಂತ್ರ, ಅದನ್ನು ತಾರೀಖೆಂದುಕೊಂಡು, "ಮೂರು ಏಪ್ರಿಲನ್ನು ಎರಡು ಮೇಯಿಂದ ಭಾಗಿಸಿ," ಎಂದಿತು. "ಮಿಸ್, ಮೇನಲ್ಲಿ ರಜ ಅಲ್ವಾ?" ಎಂದು ಯಾರೋ ಕೂಗಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳೂ ಸದ್ದಿಲ್ಲದೆ ನಕ್ಕಳು.

ಆ ನಗು ಒಂದು ವಾರ ಬಾಳಿತು. ಆಮೇಲೆ ಯಾಕಮ್ಮ ಎದ್ದು ನಿಂತಳು. ಎಲ್ಲಕ್ಕೂ ಯಾಕೆ, ಯಾಕೆ ಎಂದು ಕೇಳಿ ಆ ಅಡ್ಡಹೆಸರು ಪಡೆದ ಹುಡುಗಿ. "ಮಿಸ್, ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಯಾಕೆ ಬರುತ್ತೆ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಒತ್ತತೊಡಗಿದಳು. ಅಷ್ಟರಲ್ಲಿ ತರಗತಿ ಸಂತೆಯಾಯಿತು. ಮೇಜು ಕುಟ್ಟಿದಳು, ಯಾರೂ ತಿರುಗಲಿಲ್ಲ. ಕೊನೆಗೆ ಯಂತ್ರ ಓದಿದ್ದು ಗದ್ದಲದಲ್ಲಿ ಮುಳುಗಿಹೋಯಿತು.

"ಬಿಡಿ ಮಿಸ್, ಪರವಾಗಿಲ್ಲ," ಎಂದಳು ಹುಡುಗಿ, ಕನಿಕರದಿಂದ. "ಬಾಯಿಪಾಠ ಮಾಡ್ಕೋತೀನಿ."

ಬಿಡಿ ಎಂದು ಇಷ್ಟು ವರ್ಷದಲ್ಲಿ ಯಾವ ಮಗುವೂ ಅವಳಿಗೆ ಹೇಳಿರಲಿಲ್ಲ. ಅಂದು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ.

ಮರುದಿನದಿಂದ ಪ್ರೊಜೆಕ್ಟರಿನಲ್ಲಿ ವಿಡಿಯೋ ಹಾಕಿದಳು. ಯಾರೋ ದೂರದ ಮೇಷ್ಟ್ರು, ಒಳ್ಳೆಯ ಕಂಠ, ಬಣ್ಣಬಣ್ಣದ ಚಿತ್ರ. ಅವಳು ಹಿಂದೆ ನಿಂತು ಮಕ್ಕಳನ್ನು ನೋಡಿದಳು. ಲೆಕ್ಕದ ಮೂರನೇ ಹಂತಕ್ಕೆ ಬಂದಾಗ ಇಪ್ಪತ್ತು ತಲೆಗಳು ಒಟ್ಟಿಗೆ ಬಾಗಿದವು. ತಾನಾಗಿದ್ದರೆ ಅಲ್ಲೇ ನಿಂತು ಹಿಂದಕ್ಕೆ ಹೋಗುತ್ತಿದ್ದಳು. ಮೇಷ್ಟ್ರು ನಗುನಗುತ್ತ ನಾಲ್ಕನೆಯದಕ್ಕೆ ಹೋದರು. ಅವರನ್ನು ನಿಲ್ಲಿಸುವುದೇನೋ ಅವಳ ಕೈಯಲ್ಲಿತ್ತು. ಆದರೆ ನಿಲ್ಲಿಸಿದ ಮೇಲೆ ಹೇಳುವವರು ಯಾರು? ಬೋರ್ಡಿನ ಮೇಲೆ ಬರೆಯಲು ಬೆನ್ನು ತಿರುಗಿಸಿದರೆ ತರಗತಿ ಕೈತಪ್ಪುತ್ತಿತ್ತು.

ಅರ್ಧವಾರ್ಷಿಕದಲ್ಲಿ ಮೂವತ್ತೊಂದು ಮಕ್ಕಳು ನಪಾಸಾದರು. ಯಾಕಮ್ಮಳಿಗೆ ಹನ್ನೊಂದು ಅಂಕ. ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವ ಅವಳ ತಾಯಿ ಅರ್ಧ ದಿನ ರಜೆ ಹಾಕಿ ಬಂದಳು.

"ಏನ್ ಮಿಸ್ಸೋರೆ, ನಿಮ್ಮನ್ನ ನಂಬಿ ಮಗಳನ್ನ ಬಿಟ್ಟಿದ್ದೆ. ಟಿವಿ ನೋಡೋಕೆ ಶಾಲೆ ಯಾಕ್ ಬೇಕು? ಮನೇಲೇ ಇದೆಯಲ್ಲ!"

ಅವಳು ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದಳು. ತಾಯಿ ಕಕ್ಕಾಬಿಕ್ಕಿಯಾದಳು. "ಅಯ್ಯೋ, ನಂಗೆ ಗೊತ್ತಿರ್ಲಿಲ್ಲ ತಾಯಿ," ಎಂದು ಅವಳ ಕೈ ಹಿಡಿದುಕೊಂಡಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕೈ ತಡೆಯಲಾಗಲಿಲ್ಲ.

ಮರುದಿನ ಅವಳು ಪ್ರೊಜೆಕ್ಟರ್ ತರಲಿಲ್ಲ. ಡಾಕ್ಟರು ಹೇಳಿದ ಗಡುವಿಗೆ ಇನ್ನೂ ನಾಲ್ಕು ವಾರವಿತ್ತು. ಬಾಗಿಲು ಮುಂದೆ ಮಾಡಿ, ಬೋರ್ಡಿನ ಮುಂದೆ ನಿಂತು ಬಾಯಿ ತೆರೆದಳು. ಉಪ್ಪುಕಾಗದ ಉಜ್ಜಿದಂಥ ದನಿ ಬಂತು. ಐವತ್ತೆಂಟು ಮಕ್ಕಳೂ ಗಪ್‌ಚಿಪ್.

"ತೊಟ್ಟೀಲಿ ತೂತಿದೆ. ನಿಮಿಷಕ್ಕೆ ಎರಡು ಬಕೆಟ್ ನೀರು ಹೋಗ್ತಿದೆ. ಅದು ಮೈನಸ್ ಎರಡು. ಮೂರು ನಿಮಿಷ ಹಿಂದೆ ಹೋಗು, ಅದು ಮೈನಸ್ ಮೂರು. ಆಗ ತೊಟ್ಟೀಲಿ ಎಷ್ಟಿತ್ತು, ಯಾಕಮ್ಮ?"

"ಈಗಿರೋದಕ್ಕಿಂತ... ಆರು ಬಕೆಟ್ ಜಾಸ್ತಿ." ಹುಡುಗಿಯ ಕಣ್ಣರಳಿತು. "ಓ! ಪ್ಲಸ್ ಆರು!"

ನಲವತ್ತು ನಿಮಿಷ ಅವಳು ಪಾಠ ಮಾಡಿದಳು. ನೋಯುತ್ತಿತ್ತು, ನಿಲ್ಲಿಸಲಿಲ್ಲ. ಸಂಜೆ ಬಚ್ಚಲಲ್ಲಿ ಉಗುಳಿದಾಗ ರಕ್ತ ಕಂಡಿತು.

ಆಪರೇಷನ್ ಆಯಿತು. "ದನಿ ಅರ್ಧ ಬಂದ್ರೂ ಪುಣ್ಯ," ಎಂದರು ಡಾಕ್ಟರು, ಸಿಟ್ಟಿನಿಂದ. ಅವಳಿಗೆ ಬೇಕಾದಾಗ ಬಾರದ ಬದಲಿ ಟೀಚರು ಪರೀಕ್ಷೆಗೆ ಆರು ವಾರವಿರುವಾಗ ಬಂದರು. ಅವಳನ್ನು ಪುಸ್ತಕದ ಕೋಣೆಯ ಕೆಲಸಕ್ಕೆ ಹಾಕಿದರು. ಫಲಿತಾಂಶ ಬಂದಾಗ ಯಾಕಮ್ಮ ಆರು ಅಂಕ ಸಾಲದೆ ನಪಾಸಾಗಿದ್ದಳು. ಅಮ್ಮನ ಕಾರ್ಖಾನೆಗೇ ಸೇರಿದಳೆಂದು ಯಾರೋ ಹೇಳಿದರು.

ಅದೇ ವಾರ ಮೇಲಿನ ಕಚೇರಿಯಿಂದ ಒಂದು ನಮೂನೆ ಬಂತು. ಸುತ್ತಲಿನ ಶಾಲೆಗಳಲ್ಲೆಲ್ಲ ಪ್ರೊಜೆಕ್ಟರನ್ನು ಅತಿ ಹೆಚ್ಚು ಗಂಟೆ ಬಳಸಿದವಳು ಅವಳೇ, ಅನುಭವ ಬರೆದು ಕಳಿಸಬೇಕು ಎಂದಿತ್ತು. ಅವಳು ಎರಡು ಪುಟ ಬರೆದಳು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಮಾತಿಗೆ ಜೊತೆಯಾಗಿ ಬಂದಿದ್ದರೆ ಎರಡು ಕೈಯಿಂದ ಬರಮಾಡಿಕೊಳ್ಳುತ್ತಿದ್ದೆ, ಆದರೆ ಅದು ಮಾತಿನ ಬದಲಿಗೆ ಬಂತು. ತರಗತಿಗೆ ಇಪ್ಪತ್ತೈದೇ ಮಕ್ಕಳಿದ್ದಿದ್ದರೆ ನನ್ನ ಗಂಟಲು ಉಳಿಯುತ್ತಿತ್ತು, ಎಂದು.

ಹೆಡ್‌ಮಾಸ್ಟರು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದನ್ನ ಕಳಿಸೋಕಾಗಲ್ಲ ಮೇಡಂ. ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ. ಗಂಟಲಿಲ್ಲದ ಟೀಚರು ಅಂತ ಬರೆದುಕೊಟ್ಟ ಹಾಗಾಗುತ್ತೆ."

ಬೇರೆ ನಮೂನೆ ತೆಗೆದು, ಅನುಭವದ ಎದುರು ತಾವೇ 'ತೃಪ್ತಿಕರ' ಎಂದು ಬರೆದು, ಅವಳತ್ತ ತಿರುಗಿಸಿಟ್ಟರು. ಅವಳು ಏನೋ ಹೇಳಹೊರಟಳು. ದನಿ ಬರಲಿಲ್ಲ. ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.